ಪರದೆಯಿಲ್ಲದ ಮನೆ

ಅಪ್ಪ ಅಮ್ಮ ಇಟ್ಟ ಹೆಸರೊಂದು ಅವನಿಗೂ ಇತ್ತು. ಆದರೆ ಅದು ಸಂಬಳಕ್ಕೆ ಸಹಿ ಹಾಕುವ ದಿನ ಬಿಟ್ಟರೆ ಮತ್ತೆಂದೂ ಹೊರಗೆ ಬರುತ್ತಿರಲಿಲ್ಲ. ಬೆನ್ನಿಗೆ ಪಂಪು ಕಟ್ಟಿಕೊಂಡು ಮನೆಮನೆಯ ಗೋಡೆಗೆ ಸೊಳ್ಳೆ ಔಷಧಿ ಹೊಡೆಯುವವನನ್ನು ಊರು ಪಂಪಣ್ಣ ಎಂದು ಕರೆಯಿತು. ಕಟ್ಟಿಕೊಂಡ ತಪ್ಪಿಗೆ ಹೆಂಡತಿ ಪಂಪಕ್ಕ ಆದಳು. ಒಬ್ಬಳೇ ಮಗಳು ಶಾಲೆಯಲ್ಲಿ ಮರಿಪಂಪು ಅನ್ನಿಸಿಕೊಂಡು ಮೊದಮೊದಲು ಅತ್ತಳು, ಆಮೇಲೆ ಅದನ್ನೇ ಹೇಳಿಕೊಂಡು ಮೆರೆದಳು. ಆ ಹೆಸರಿಗೆ ಊರಲ್ಲಿ ಅಷ್ಟು ಬೆಲೆ ಇತ್ತು.

ಬೆಲೆ ಸುಮ್ಮನೆ ಬಂದದ್ದಲ್ಲ. ಅವನ ಅಜ್ಜನ ಕಾಲದಲ್ಲಿ, ಚಳಿಜ್ವರ ಊರ ಕೆಳಗಿನ ಜೌಗಿನಿಂದ ಏಳುವ ಕೆಟ್ಟ ಗಾಳಿಯಿಂದ ಬರುತ್ತದೆ ಎಂದು ಓದಿದವರೂ ನಂಬಿದ್ದರು, ಓದದವರೂ ನಂಬಿದ್ದರು. ಸಂಜೆಯಾದರೆ ಸಾಕು, ಕಿಟಕಿ ಬಾಗಿಲು ಭದ್ರ ಮಾಡಿ ಗಾಳಿಯನ್ನು ಹೊರಗಿಟ್ಟು ಸೊಳ್ಳೆಗಳ ಜೊತೆ ಒಳಗೆ ಮಲಗುತ್ತಿದ್ದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅಂತಾರಲ್ಲ, ಹಾಗೆ. ಅಪ್ಪನ ಕಾಲ ಬರುವಷ್ಟರಲ್ಲಿ ಎಲ್ಲೋ ದೂರದಲ್ಲಿ ಯಾರೋ ಸೊಳ್ಳೆಯ ಹೊಟ್ಟೆ ಸೀಳಿ ನೋಡಿ, ತಪ್ಪು ಗಾಳಿಯದಲ್ಲ, ಇದರದು ಎಂದು ತೋರಿಸಿಯಾಗಿತ್ತು. ನಗರಸಭೆಯವರು ಚರಂಡಿ ತೋಡಿಸಿದರು, ಹೊಂಡಕ್ಕೆ ಎಣ್ಣೆ ಸುರಿಸಿದರು, ಕಹಿ ಮಾತ್ರೆ ಹಂಚಿದರು. ಆ ಎಣ್ಣೆಯ ಡಬ್ಬ ಹೊತ್ತವನು ಪಂಪಣ್ಣನ ಅಪ್ಪ. ಜ್ವರ ತಗ್ಗಿತು, ತೊಲಗಲಿಲ್ಲ. ಎಣ್ಣೆ ಹೊರುವವನ ಮನೆಯಲ್ಲೇ ಪಂಪಣ್ಣನ ತಮ್ಮಂದಿರಿಬ್ಬರು ಒಂದೇ ಮಳೆಗಾಲದಲ್ಲಿ ತೀರಿಕೊಂಡರು. ಬದುಕಿ ಉಳಿದ ಇವನು ವರ್ಷವರ್ಷವೂ ನಡುಗಿ, ಬೆವರಿ, ಎದ್ದು, ಹಾಗೇ ದೊಡ್ಡವನಾದ.

ಆಮೇಲೆ ಬಿಳಿ ಪುಡಿ ಬಂತು. ದೊಡ್ಡ ಯುದ್ಧವೊಂದು ಮುಗಿದ ಮೇಲೆ ಬಂದದ್ದು ಅದು. ಮನುಷ್ಯರನ್ನು ಕೊಲ್ಲುವ ಗಲಾಟೆಯಲ್ಲಿ ಸೊಳ್ಳೆ ಕೊಲ್ಲುವುದನ್ನೂ ಕಲಿತಿದ್ದರು ಅಂತ ಕಾಣುತ್ತದೆ. ಲೆಕ್ಕ ಬಹಳ ಸರಳ. ರಕ್ತ ಕುಡಿದ ಸೊಳ್ಳೆಗೆ ಮೈಭಾರ, ದೂರ ಹಾರಲಾರದು, ಹತ್ತಿರದ ಗೋಡೆಯ ಮೇಲೆ ಕೂತು ಸುಧಾರಿಸಿಕೊಳ್ಳುತ್ತದೆ. ಪುಡಿಯನ್ನು ನೀರಲ್ಲಿ ಕಲಸಿ ಗೋಡೆಗೆ ಹೊಡೆದಿದ್ದರೆ ಕೂತದ್ದೇ ಅದರ ಕೊನೆ. ಒಂದು ಸಲ ಹೊಡೆದರೆ ತಿಂಗಳುಗಟ್ಟಲೆ ಗೋಡೆಯೇ ಕಾವಲು. ಆ ಕೆಲಸಕ್ಕೆ ಮೊದಲು ಸೇರಿದವರಲ್ಲಿ ಪಂಪಣ್ಣ ಒಬ್ಬ. ಕಚೇರಿಯ ಹಲಗೆಯ ಮೇಲೆ ‘ಮಲೇರಿಯಾ ನಿರ್ಮೂಲನೆ’ ಎಂದು ದಪ್ಪಕ್ಷರದಲ್ಲಿ ಬರೆಸಿದರು. ನಿರ್ಮೂಲನೆ ಅಂದರೆ ಬೇರು ಸಮೇತ ಕೀಳುವುದು ಎಂದು ಸಾಹೇಬರು ಮೊದಲ ದಿನವೇ ಬಿಡಿಸಿ ಹೇಳಿದ್ದರು. ತಮ್ಮಂದಿರನ್ನು ಕಳೆದುಕೊಂಡವನ ಕಿವಿಗೆ ಅದು ಹೇಗೆ ಕೇಳಿಸಿರಬೇಕು!

ಕೆಲಸದಲ್ಲಿ ಅವನು ಬಲು ಕಟ್ಟುನಿಟ್ಟು. ಹಾಸಿಗೆ, ಪಾತ್ರೆ, ಕೋಳಿ, ತೊಟ್ಟಿಲು ಎಲ್ಲವನ್ನೂ ಅಂಗಳಕ್ಕೆ ತರಿಸುವನು. ಮಂಚವನ್ನು ಮಗುಚಿ ಅದರ ತಳಕ್ಕೂ ಹೊಡೆಯುವನು. ನಳಿಗೆಯ ಮೂತಿ ಗೋಡೆಯಿಂದ ಒಂದು ಮೊಳ ದೂರ. ಮೇಲಿಂದ ಕೆಳಗೆ ಒಂದು ಪಟ್ಟಿ, ಪಕ್ಕಕ್ಕೆ ಒಂದು ಹೆಜ್ಜೆ, ಕೆಳಗಿಂದ ಮೇಲೆ ಇನ್ನೊಂದು ಪಟ್ಟಿ. ಎರಡು ಪಟ್ಟಿಗಳ ನಡುವೆ ಬೆರಳಗಲ ಜಾಗ ಬಿಟ್ಟರೂ ಅವನಿಗೆ ಅನ್ನ ಇಳಿಯುತ್ತಿರಲಿಲ್ಲ. ಒಣಗಿದ ಮೇಲೆ ಗೋಡೆಯ ತುಂಬ ತೆಳ್ಳಗೆ ಬೂದಿ ಬಳಿದ ಹಾಗೆ ಬಿಳುಪು. ಯಾರಾದರೂ ಅದರ ಮೇಲೆ ಸುಣ್ಣ ಬಳಿದರೋ, ಮುಗಿಯಿತು, ಮನೆಯವರ ಅಜ್ಜಿಯಿಂದ ಹಿಡಿದು ಮೊಮ್ಮಗನವರೆಗೆ ಬೈಗುಳ.

ಜ್ವರ ಹೋಯಿತು. ನಿಜವಾಗಿ ಹೋಯಿತು, ಸುಳ್ಳಲ್ಲ. ಒಂದು ಇಡೀ ತಲೆಮಾರು ನಡುಕ ಅಂದರೆ ಏನೆಂದು ತಿಳಿಯದೆ ಬೆಳೆಯಿತು. ಮೊದಲು ಮನೆಮನೆಯಲ್ಲೂ ಇದ್ದ ಸೊಳ್ಳೆ ಪರದೆಗಳು ಒಂದೊಂದಾಗಿ ಇಳಿದವು. ಕೆಲವರು ಅದನ್ನು ಕತ್ತರಿಸಿ ತರಕಾರಿ ಮಡಿಗೆ ಹೊದಿಸಿದರು, ಕೆಲವರು ಮೀನು ಹಿಡಿದರು. ಎಲ್ಲರಿಗಿಂತ ಮೊದಲು ಇಳಿದದ್ದು ಪಂಪಣ್ಣನ ಮನೆಯ ಪರದೆ. ಇಳಿಸಿದವನೂ ಅವನೇ.

“ಔಷಧಿ ಹೊಡೆಯೋನೇ ಪರದೆ ಕಟ್ಕೊಂಡು ಮಲಗಿದ್ರೆ, ನಾಳೆ ಯಾರು ನನ್ನ ಒಳಗೆ ಬಿಡ್ತಾರೆ?” ಎಂದು ಹೆಂಡತಿಯನ್ನು ಕೇಳಿದ.

“ನನಗೇನು, ಒಗೆಯೋ ಕೆಲಸ ಒಂದು ಕಮ್ಮಿ,” ಎಂದಳು ಅವಳು.

ಹೀಗೆ ಅದು ಅವನ ಕಸುಬಿನ ಮರ್ಯಾದೆಯಾಗಿ ನಿಂತಿತು. ಯಾವ ಮನೆಗೆ ಹೋದರೂ ಮೊದಲು ಮಂಚದ ಮೇಲೆ ನೋಡುವನು. ಪರದೆ ಕಂಡರೆ ಮುಖ ಸಿಂಡರಿಸುವನು. “ಏನಮ್ಮಾ, ನನ್ನ ಮೇಲೆ ನಂಬಿಕೆ ಇಲ್ವಾ?” ಎಂದು ಅವನು ಕೇಳಿದರೆ ಯಾರು ತಾನೇ ಇಲ್ಲ ಅಂದಾರು! ಮುಂದಿನ ಸಲ ಬರುವಷ್ಟರಲ್ಲಿ ಅದು ಇಳಿದಿರುತ್ತಿತ್ತು.

ನಂಬಿದ ಎಮ್ಮೆ ಕೋಣ ಈಯಿತು ಎನ್ನುವ ಮಾತು ಸುಮ್ಮನೆ ಹುಟ್ಟಿದ್ದಲ್ಲ. ಮೊದಲು ತಕರಾರು ತೆಗೆದದ್ದು ಕೆಳಕೇರಿಯ ಒಬ್ಬ ಮುದುಕಿ. ಮೊದಲೆಲ್ಲ ಔಷಧಿ ಹೊಡೆದ ದಿನವೇ ಮಂಚದ ತಿಗಣೆ ಗುಡಿಸಿ ಎಸೆಯುವಷ್ಟು ಬೀಳುತ್ತಿದ್ದವು. ಜನ ಬಾಗಿಲು ತೆಗೆಯುತ್ತಿದ್ದದ್ದು ಅರ್ಧ ಆ ಸುಖಕ್ಕೇ. ಈಗ ಬೀಳುತ್ತಿಲ್ಲ ಎಂದಳು ಮುದುಕಿ.

“ನಿನ್ನ ಔಷಧಿ ಕುಡಿದು ಇನ್ನೂ ಕೊಬ್ಬಿವೆ ಕಣಪ್ಪ, ಬೇಕಾದ್ರೆ ಬಂದು ಮಲಗಿ ನೋಡು,” ಎಂದಳು.

“ಅಜ್ಜೀ, ಇದು ಸೊಳ್ಳೆಗೆ ಇರೋದು, ತಿಗಣೆಗಲ್ಲ. ತಿಗಣೆ ಕೊಲ್ಲೋಕೆ ಸರ್ಕಾರ ನನಗೆ ಸಂಬಳ ಕೊಡಲ್ಲ,” ಎಂದು ಪಂಪಣ್ಣ ನಕ್ಕ. ಕಚೇರಿಯಲ್ಲಿ ಹೇಳಿಕೊಟ್ಟ ಉತ್ತರವೇ ಅದು. ಮುದುಕಿ ನಗಲಿಲ್ಲ.

ಅದೇ ವರ್ಷ ಕಚೇರಿಯ ಹಲಗೆಗೆ ಬಣ್ಣದವನು ಬಂದ. ‘ನಿರ್ಮೂಲನೆ’ಯ ಮೇಲೆ ಬಿಳಿ ಬಳಿದು ‘ನಿಯಂತ್ರಣ’ ಎಂದು ಬರೆದು ಹೋದ. ಯಾಕೆಂದು ಕೇಳಿದರೆ ಮೇಲಿನ ಆದೇಶ ಅಂದರು. ಮೇಲಿನವರ ಮೇಲೆ ಯಾರು ಇರುತ್ತಾರೋ ಯಾರಿಗೂ ತಿಳಿಯದು. ಪಂಪಣ್ಣ ಒಂದು ಗಳಿಗೆ ನಿಂತು ನೋಡಿ, ಪಂಪು ಹೊತ್ತು ಕೆಲಸಕ್ಕೆ ಹೊರಟ.

ಮಗಳನ್ನು ಕೊಟ್ಟದ್ದು ಬೆಟ್ಟದ ಮೇಲಿನ ಪಟ್ಟಣಕ್ಕೆ. ಅಲ್ಲಿನ ಚಳಿಗೆ ಸೊಳ್ಳೆ ಬದುಕುವುದಿಲ್ಲ. ಅಳಿಯ ಹಡಗಿನಲ್ಲಿ ಕೆಲಸಕ್ಕಿದ್ದವನು, ವರ್ಷದಲ್ಲಿ ಮುಕ್ಕಾಲು ಪಾಲು ನೀರಿನ ಮೇಲೆ. ಮದುವೆಯಾಗಿ ಬಹಳ ಕಾಲ ಕಾದ ಮೇಲೆ ಮಗಳು ಬಸುರಿಯಾದಳು. ಅತ್ತೆ ಒಳ್ಳೆಯ ಹೆಂಗಸು; ಹೆರಿಗೆ ಇಲ್ಲೇ ಆಗಲಿ, ಕೆಳಗೆ ಜೌಗು, ಸೊಳ್ಳೆ ಕಾಟ ಎಂದು ಹೇಳಿ ಕಳಿಸಿದಳು. ಪಂಪಣ್ಣನಿಗೆ ಆ ಮಾತು ಚುಚ್ಚಿತು. ಬಸ್ಸು ಹತ್ತಿ ತಾನೇ ಹೋದ.

“ಬೀಗಿತ್ತಿಯವರೇ, ಊರಿಗೆಲ್ಲ ಸೊಳ್ಳೆ ಓಡಿಸೋನು ನಾನು. ನನ್ನ ಮನೇಲಿ ಸೊಳ್ಳೆನಾ? ನಿಮ್ಮ ಮೊಮ್ಮಗು ಹುಟ್ಟೋಕೆ ಅದಕ್ಕಿಂತ ಭದ್ರವಾದ ಜಾಗ ಇನ್ನೊಂದಿಲ್ಲ,” ಎಂದ.

ಬೀಗಿತ್ತಿ ಒಪ್ಪಿದಳು, ಆದರೂ ಸೊಸೆಯ ಬಟ್ಟೆಗಳ ಅಡಿಯಲ್ಲಿ ಹೊಸದೊಂದು ಸೊಳ್ಳೆ ಪರದೆ ಇಟ್ಟು ಕಳಿಸಿದಳು. ಊರಿಗೆ ಬಂದು ಪೆಟ್ಟಿಗೆ ಬಿಚ್ಚಿದಾಗ ಪಂಪಣ್ಣ ಅದನ್ನು ಕಂಡು ಜೋರಾಗಿ ನಕ್ಕ, ಮಡಿಸಿ ಅಟ್ಟದ ಮೇಲೆ ಹಾಕಿದ. ಮಗಳ ಕೋಣೆಗೆ ಎರಡು ಸಲ ಔಷಧಿ ಹೊಡೆದ. ಒಣಗಿದ ಮೇಲೆ ಅಂಗೈಯಿಂದ ಗೋಡೆ ಮುಟ್ಟಿ ನೋಡಿ, “ಇನ್ನು ನಿಶ್ಚಿಂತೆಯಾಗಿ ನಿದ್ದೆ ಮಾಡು ಪುಟ್ಟಿ,” ಎಂದ. ಅವಳು ನಿಶ್ಚಿಂತೆಯಾಗಿಯೇ ಮಲಗಿದಳು. ಮೈ ತುಂಬಿಕೊಂಡು, ಅಮ್ಮ ಮಾಡಿ ಹಾಕಿದ್ದನ್ನೆಲ್ಲ ತಿಂದು, ಸಂಜೆ ಸೆಕೆ ಹೆಚ್ಚಾದರೆ ಹೊಸಿಲ ಹೊರಗೆ ಒಂದಿಷ್ಟು ಕೂತು ದಿನ ಕಳೆದಳು.

ಒಂದು ಬೆಳಿಗ್ಗೆ ಅವನು ಅವಳ ಕೋಣೆಯ ಕಿಟಕಿ ತೆಗೆಯಲು ಹೋದ. ಬೆಳಕು ಗೋಡೆಯ ಮೇಲೆ ಬಿತ್ತು. ಮಂಚದ ತಲೆದೆಸೆಯಲ್ಲಿ, ಅವನೇ ಹೊಡೆದ ಬಿಳುಪಿನ ನಡುವೆ ಒಂದು ಸೊಳ್ಳೆ ಕೂತಿತ್ತು. ತಲೆ ತಗ್ಗಿಸಿ, ಬಾಲ ಮೇಲೆತ್ತಿ ಕೂರುವ ಜಾತಿ. ಜ್ವರ ತರುವುದು ಅದೇ. ಹೊಟ್ಟೆ ಕೆಂಪಗೆ ತುಂಬಿತ್ತು. ಯಾರ ರಕ್ತ ಎಂದು ಕೇಳುವ ಅಗತ್ಯವಿರಲಿಲ್ಲ. ಮಂಚದ ಮೇಲೆ ಮಗಳು ಮಗ್ಗುಲಾಗಿ ಹೊಟ್ಟೆಯ ಮೇಲೆ ಕೈಯಿಟ್ಟು ಮಲಗಿದ್ದಳು.

ಈಗ ಬೀಳುತ್ತದೆ ಎಂದು ಪಂಪಣ್ಣ ಕಾದ. ಅದು ಬೀಳಲಿಲ್ಲ. ಹಿಂಗಾಲುಗಳನ್ನು ಒಂದಕ್ಕೊಂದು ಉಜ್ಜಿಕೊಂಡಿತು. ಹಗುರಾಗಿ ಎದ್ದು, ಸ್ವಲ್ಪ ಮೇಲೆ ಹೋಗಿ, ಅದೇ ಗೋಡೆಯ ಮೇಲೆ ಮತ್ತೆ ಕೂತಿತು. ಪಂಪಣ್ಣ ಅಡುಗೆಮನೆಯಿಂದ ಒಂದು ಗಾಜಿನ ಲೋಟ ತಂದು ಅದನ್ನು ಮುಚ್ಚಿ ಹಿಡಿದ, ಅಡಿಗೆ ಒಂದು ರಟ್ಟು ತೂರಿಸಿದ, ಗೋಡೆಯ ಬಿಳುಪನ್ನು ಉಗುರಿನಿಂದ ಕೆರೆದು ಲೋಟದೊಳಕ್ಕೆ ಉದುರಿಸಿದ. ಪುಡಿಯ ಮೇಲೇ ಅದು ನಡೆದಾಡಿತು. ಲೋಟವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಉಪವಾಸವೇ ಕಚೇರಿಗೆ ಓಡಿದ.

ಸಾಹೇಬರು ಲೋಟದ ಕಡೆ ಒಮ್ಮೆ ನೋಡಿದರು, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಗೊತ್ತು,” ಎಂದರು.

“ಏನು ಗೊತ್ತು ಸಾರ್?”

“ಸಾಯ್ತಿಲ್ಲ ಅನ್ನೋದು ಗೊತ್ತು. ಹೋದ ವರ್ಷವೇ ಹಿಡಿದು ಪರೀಕ್ಷೆಗೆ ಕಳಿಸಿದ್ವಿ. ಅಷ್ಟು ವರ್ಷ ಹೊಡೆದಿದೀವಲ್ಲ, ಸಾಯೋದೆಲ್ಲ ಸತ್ತು, ತಡ್ಕೊಂಡಿದ್ದು ಮೊಟ್ಟೆ ಇಡ್ತು. ಈಗಿರೋದೆಲ್ಲ ಆ ಸಂತಾನ.”

“ಹಾಗಾದ್ರೆ ಬೇರೆ ಔಷಧಿ?”

“ಕೇಳಿದೀವಿ. ಬರುತ್ತೆ. ಬರಬಹುದು. ಬರದೆ ಏನು ಮಾಡುತ್ತೆ?” ಸಾಹೇಬರ ಮಾತು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಿತ್ತು.

“ಜನಕ್ಕಾದ್ರೂ ಹೇಳೋಣ ಸಾರ್. ಪರದೆ ಕಟ್ಕೊಳ್ಳಿ ಅನ್ನೋಣ.”

“ಪರದೆ ಎಲ್ಲಿದೆಯಪ್ಪ? ಯಾರ ಮನೇಲಿದೆ? ಯಾವ ಅಂಗಡೀಲಿದೆ?” ಸಾಹೇಬರ ಧ್ವನಿ ಏರಲಿಲ್ಲ. “ಹೇಳಿದ್ರೆ ಏನಾಗುತ್ತೆ ಗೊತ್ತಾ? ನಾಳೆಯಿಂದ ಒಂದು ಬಾಗಿಲೂ ತೆಗೆಯಲ್ಲ. ಆಮೇಲೆ ಹೊಸ ಔಷಧಿ ಬಂದಾಗ ಯಾರ ಗೋಡೆಗೆ ಹೊಡೀತೀಯ? ಇವತ್ತಿಗೂ ಹತ್ತರಲ್ಲಿ ಒಂದೆರಡು ಸಾಯ್ತಿವೆ. ಆ ಒಂದೆರಡಕ್ಕಾದ್ರೂ ಹೊಡೀಬೇಕು. ನನ್ನ ಮನೇಲೂ ಮಕ್ಕಳಿದಾರೆ ಕಣಯ್ಯಾ.”

ಅವರ ಮೇಲೆ ಸಿಟ್ಟು ಬಂದಿದ್ದರೆ ಪಂಪಣ್ಣನಿಗೆ ಎಷ್ಟೋ ಹಗುರಾಗುತ್ತಿತ್ತು. ಬರಲಿಲ್ಲ. ಬೈಯಲು ಒಬ್ಬ ಕಳ್ಳನಾದರೂ ಬೇಡವೇ? ಪುಡಿಗೆ ಕಲಬೆರಕೆ ಮಾಡಿದವರಿಲ್ಲ, ಕೆಲಸ ಕದ್ದವರಿಲ್ಲ. ಎಲ್ಲರೂ ತಮ್ಮ ಕೆಲಸ ನೆಟ್ಟಗೆ ಮಾಡಿದ್ದೇ ಹೀಗಾಗಿತ್ತು. ಅವನು ಲೋಟ ಎತ್ತಿಕೊಂಡ. ಒಳಗೆ ಅದು ಇನ್ನೂ ನಡೆದಾಡುತ್ತಿತ್ತು. ಮೆಟ್ಟಿಲ ಹತ್ತಿರ ಹೆಬ್ಬೆರಳಿನಿಂದ ಒತ್ತಿ ಕೊಂದ; ಬೆರಳಿಗೆ ಅಂಟಿದ ರಕ್ತವನ್ನು ಒರೆಸಿಕೊಳ್ಳಲು ಅವನಿಗೆ ಮನಸ್ಸು ಬರಲಿಲ್ಲ.

ಮನೆಗೆ ಬಂದವನೇ ಅಟ್ಟ ಹತ್ತಿ ಪರದೆ ಇಳಿಸಿದ, ಮೊಳೆ ಹೊಡೆದು ಮಗಳ ಮಂಚಕ್ಕೆ ಕಟ್ಟಿದ. ಮಗಳು ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

“ಏನಪ್ಪಾ ಇದು, ನಿನ್ನ ಮರ್ಯಾದೆ ಗತಿ ಏನು?”

“ನಿಮ್ಮತ್ತೆ ಕೇಳಿದ್ರೆ ಕಟ್ಟಿದ್ದೆ ಅನ್ನಬೇಕಲ್ಲ ಪುಟ್ಟಿ, ಅದಕ್ಕೆ,” ಎಂದ. ಬಾಯಿಗೆ ಬಂದ ನಿಜವನ್ನು ನುಂಗಿಕೊಂಡ. ಬಸುರಿಯನ್ನು ಹೆದರಿಸಬಾರದು ಎಂದು ತನಗೆ ತಾನೇ ಹೇಳಿಕೊಂಡ. ಸಾಹೇಬರ ಮಾತೂ ಕಿವಿಯಲ್ಲಿತ್ತು.

ಆದರೆ ಸೊಳ್ಳೆ ಕಚ್ಚಿಯಾಗಿತ್ತು. ಪರದೆ ಕಟ್ಟಿದ ವಾರವೇ ಅವಳಿಗೆ ನಡುಕ ಹತ್ತಿತು. ಸುಡುಬಿಸಿಲಲ್ಲಿ ಮನೆಯಲ್ಲಿದ್ದ ಹೊದಿಕೆಗಳನ್ನೆಲ್ಲ ಹೊದಿಸಿದರೂ ಹಲ್ಲು ಕಟಕಟ. ಅಮ್ಮ ಅದನ್ನು ಎಷ್ಟೋ ವರ್ಷದ ಮೇಲೆ ಕಂಡಳು. ಕಂಡೊಡನೆ ಗುರುತು ಹಿಡಿದು ಬಾಗಿಲಿಗೆ ಒರಗಿ ಕೂತುಬಿಟ್ಟಳು. ಪಂಪಣ್ಣ ಮಗಳನ್ನು ಬಾಡಿಗೆ ಗಾಡಿಯಲ್ಲಿ ಆಸ್ಪತ್ರೆಗೆ ಒಯ್ದ. ಪರದೆಯನ್ನೂ ಬಿಚ್ಚಿ ಜೊತೆಗೆ ತೆಗೆದುಕೊಂಡು ಹೋದ.

ಡಾಕ್ಟರಮ್ಮ ಬೆರಳು ಚುಚ್ಚಿ ರಕ್ತ ತೆಗೆದು ಗಾಜಿನ ಮೇಲೆ ಸವರಿ ನೋಡಿ ಬಂದರು.

“ಇವರಿಗೆ ಚಿಕ್ಕಂದಿನಲ್ಲಿ ಈ ಜ್ವರ ಬಂದಿತ್ತಾ?” ಎಂದು ಕೇಳಿದರು.

“ಇಲ್ಲ ಡಾಕ್ಟ್ರೇ, ಒಂದು ಸಲಾನೂ ಇಲ್ಲ,” ಎಂದ ಪಂಪಣ್ಣ. ಇಷ್ಟು ವರ್ಷ ಎದೆಯುಬ್ಬಿಸಿ ಹೇಳಿದ ಮಾತು, ಈಗಲೂ ಅದೇ ಹೆಮ್ಮೆಯಲ್ಲಿ ಬಾಯಿಂದ ಬಂತು.

“ಅದೇ ತೊಂದರೆ,” ಎಂದರು ಡಾಕ್ಟರಮ್ಮ. “ನಿಮ್ಮಂಥವರಿಗೆ ವರ್ಷವರ್ಷ ಬಂದು ಮೈ ಪಳಗಿರುತ್ತೆ. ಇವರ ಮೈಗೆ ಇದರ ಪರಿಚಯವೇ ಇಲ್ಲ. ಅದರಲ್ಲೂ ಬಸುರಿ. ಆದಷ್ಟು ನೋಡ್ತೀನಿ.”

ಪಂಪಣ್ಣ ಕೈ ಚೆಲ್ಲಿ ಬೆಂಚಿನ ಮೇಲೆ ಕೂತ. ಅವನು ಮಗಳನ್ನು ಜ್ವರದಿಂದ ಕಾಪಾಡಿದ್ದ, ಕಾಪಾಡಿಯೇ ಅದರ ಬಾಯಿಗೆ ಕೊಟ್ಟಿದ್ದ. ಇದನ್ನು ಯಾರಿಗೆ ಹೇಳಿಕೊಳ್ಳುವುದು? ಹೇಳಿದರೂ ಏನೆಂದು ಹೇಳುವುದು? ಒಳಗೆ ಕಹಿ ಔಷಧಿಯ ಬಾಟಲಿ ಮಗಳ ತೋಳಿಗೆ ಹನಿಹನಿಯಾಗಿ ಇಳಿಯುತ್ತಿತ್ತು. ಅದು ಅವನ ಅಪ್ಪನ ಕಾಲದ ಕಹಿ ಮಾತ್ರೆಯ ಮದ್ದೇ. ಇಷ್ಟು ದೂರ ಬಂದು ಮತ್ತೆ ಅಲ್ಲಿಗೇ ಬಂದಿದ್ದರು.

ಮಗಳು ಉಳಿದಳು. ಮಗು ಹೊಟ್ಟೆಯಲ್ಲೇ ಹೋಯಿತು. ಗಂಡು, ಕೈಕಾಲು ಬೆರಳು ಎಲ್ಲ ತಿದ್ದಿ ತೀಡಿದ ಹಾಗಿತ್ತು ಎಂದಳು ದಾದಿ. ಪಂಪಣ್ಣ ಮೊಮ್ಮಗನನ್ನು ಎತ್ತಿಕೊಂಡದ್ದು ಒಂದೇ ಸಲ, ಆಸ್ಪತ್ರೆಯ ಹಿಂಬಾಗಿಲಿನಿಂದ ಮಣ್ಣಿಗೆ ಒಯ್ಯುವಾಗ. ಪಂಪಿನ ಭಾರಕ್ಕೆ ಪಳಗಿದ ಭುಜ ಅವನದು. ಆ ಹಿಡಿಯಷ್ಟು ಭಾರಕ್ಕೆ ಬಾಗಿಹೋಯಿತು.

ಮಗಳು ಮನೆಗೆ ಬಂದ ದಿನ ಪರದೆ ಕಟ್ಟೋಣ ಎಂದು ಚೀಲಕ್ಕೆ ಕೈ ಹಾಕಿದರೆ ಪರದೆ ಇಲ್ಲ.

“ಪಕ್ಕದ ಮಂಚದ ಬಾಣಂತಿಗೆ ಕೊಟ್ಟುಬಂದೆ ಅಪ್ಪಾ,” ಎಂದಳು ಮಗಳು. “ಎರಡು ದಿನದ ಕೂಸು, ಪಾಪ. ಅವರ ಮನೆ ಎಲ್ಲೋ ಹೊಲದ ಕಡೆಯಂತೆ, ಗೋಡೆಗೆ ಔಷಧೀನೇ ಹೊಡೆದಿಲ್ಲವಂತೆ. ನಮಗೆ ಗೋಡೆ ಇದೆಯಲ್ಲ.”

ಅವನು ಪೇಟೆಯ ಅಂಗಡಿಗಳನ್ನೆಲ್ಲ ಸುತ್ತಿದ. ಪರದೆಯಾ, ಅದನ್ನು ಈಗ ಯಾರು ಕೇಳ್ತಾರೆ ಎಂದರು ಅಂಗಡಿಯವರು. ಒಬ್ಬ ಅಂಗಡಿಯವನಂತೂ, “ನೀವೇ ಕೇಳೋದಾ ಪಂಪಣ್ಣ?” ಎಂದು ತಮಾಷೆ ಮಾಡಿದ. ಬೆಟ್ಟದ ಮೇಲಿನ ಬೀಗಿತ್ತಿಗೆ ಹೇಳಿ ಕಳಿಸಿದರೆ ತರಿಸಿಯಾಳು. ಆದರೆ ಅವಳಿಗೆ ಯಾವ ಮುಖ ಹೊತ್ತು ಹೇಳುವುದು? ಕೊನೆಗೆ ಹೇಳಿಯೂ ಕಳಿಸಿದ. ಅದು ಬರುವವರೆಗೆ ಕಾಯಬೇಕಿತ್ತು.

ನಡುವೆ ಕೆಲಸಕ್ಕೂ ಹೋದ. ಹೋಗದೆ ಏನು ಮಾಡುವುದು, ಒಂದೆರಡಾದರೂ ಸಾಯಲಿ ಎಂದು. ಮೇಲಿಂದ ಕೆಳಗೆ, ಕೆಳಗಿಂದ ಮೇಲೆ. ಒಂದು ಮನೆಯಲ್ಲಿ ತುಂಬಿದ ಬಸುರಿಯೊಬ್ಬಳು ಸೊಂಟದ ಮೇಲೆ ಕೈಯಿಟ್ಟು ಪಾತ್ರೆಗಳನ್ನು ಅಂಗಳಕ್ಕೆ ಸಾಗಿಸಿದಳು. ಕೆಲಸ ಮುಗಿದ ಮೇಲೆ ಅವನಿಗೆ ಕುಡಿಯಲು ನೀರು ಕೊಟ್ಟು, “ನೀವು ಬಂದುಹೋದ್ರೆ ಒಂದು ಧೈರ್ಯ ಅಣ್ಣಾ,” ಎಂದಳು. ಪಂಪಣ್ಣ ಲೋಟ ಕೆಳಗಿಟ್ಟ. “ಸಂಜೆ ಹೊತ್ತು ಮೈತುಂಬ ಹೊದ್ಕೊಂಡಿರಮ್ಮ,” ಎಂದಷ್ಟೇ ಹೇಳಿ ಬಂದ. ಆ ಸೆಕೆಯಲ್ಲಿ ಯಾರು ಹೊದೆಯುತ್ತಾರೆ?

ಒಂದು ಮಧ್ಯಾಹ್ನ ಅವನು ಮನೆಗೆ ಬಂದಾಗ ಮಗಳು ಮಂಚದ ಮೇಲೆ ಗೋಡೆಯ ಕಡೆ ನೋಡುತ್ತ ಕೂತಿದ್ದಳು. ಇವನನ್ನು ಕಂಡು ಕಣ್ಣು ತುಂಬಿಕೊಂಡಳು.

“ಅಪ್ಪಾ, ನಿನಗೊಂದು ಹೇಳ್ಬೇಕು. ಬೈಬೇಡ. ತಪ್ಪು ನಂದೇ.”

“ಏನು ತಪ್ಪು ಪುಟ್ಟಿ?”

“ಸಂಜೆ ಹೊತ್ತು ಸೆಕೆ ಅಂತ ಹೊರಗೆ ಕೂರ್ತಿದ್ದೆನಲ್ಲ, ಅಲ್ಲೇ ಕಚ್ಚಿರೋದು. ನೀನು ನನಗೋಸ್ಕರ ಎರಡೆರಡು ಸಲ ಔಷಧಿ ಹೊಡೆದೆ. ನಾನು ಆ ಕೋಣೆ ಬಿಟ್ಟು ಹೊರಗೆ ಹೋಗಿ ಕೂತೆ. ಒಳಗೇ ಇದ್ದಿದ್ರೆ ಮಗು ಉಳೀತಿತ್ತು. ನಾನೇ ಕೊಂದೆ ಅಪ್ಪಾ.”

ಸಾಹೇಬರ ಮಾತು, ಕಚೇರಿ, ಮುಂದೆ ಬರಲಿರುವ ಹೊಸ ಔಷಧಿ, ಯಾವುದೂ ಈಗ ಪಂಪಣ್ಣನಿಗೆ ಬೇಕಿರಲಿಲ್ಲ. ಅವಳ ಕಾಲ ಹತ್ತಿರ ಕೂತು ಎಲ್ಲ ಹೇಳಿಬಿಟ್ಟ. ಇದೇ ಗೋಡೆಯ ಮೇಲೆ ಸೊಳ್ಳೆ ಕಂಡದ್ದು, ಲೋಟದಲ್ಲಿ ಹಿಡಿದದ್ದು, ಪುಡಿಯ ಮೇಲೆ ಅದು ನಡೆದಾಡಿದ್ದು, ಸಾಹೇಬರು ಗೊತ್ತು ಎಂದದ್ದು. “ಔಷಧೀಲಿ ಈಗ ಏನೂ ಇಲ್ಲ ಪುಟ್ಟಿ. ಈ ಗೋಡೆಗೂ ಬೀದಿ ಗೋಡೆಗೂ ವ್ಯತ್ಯಾಸ ಇಲ್ಲ. ನಿನ್ನನ್ನ ಕರ್ಕೊಂಡು ಬಂದೋನು ನಾನು, ಪರದೆ ಅಟ್ಟಕ್ಕೆ ಹಾಕಿದೋನು ನಾನು. ನಿಂದೇನೂ ತಪ್ಪಿಲ್ಲ,” ಎಂದ. ಹೇಳುತ್ತ ಹೇಳುತ್ತ ಬಿಕ್ಕಿ ಬಿಕ್ಕಿ ಅತ್ತ.

ಮಗಳು ಅವನ ತಲೆಯ ಮೇಲೆ ಕೈಯಿಟ್ಟಳು.

“ಸುಮ್ಮನಿರಪ್ಪ. ನನ್ನ ಸಮಾಧಾನಕ್ಕೆ ನಿನ್ನ ಕೆಲಸಾನ ಯಾಕೆ ಹೀಗೆ ಹಳೀತೀಯ?”

“ಸಮಾಧಾನಕ್ಕಲ್ಲ ಕಣೇ! ನಿಜ ಹೇಳ್ತಿದೀನಿ!”

“ನೀನು ಹೊಡೆದ ಗೋಡೆ ಮೇಲೆ ಸೊಳ್ಳೆ ಬದುಕುತ್ತಾ? ನಾನೇನು ನಿನ್ನೆ ಮೊನ್ನೆ ಬಂದೋಳಾ? ಹುಟ್ಟಿದಾಗಿಂದ ನೋಡಿಲ್ವಾ?”

ಅವನು ಹೆಂಡತಿಯ ಕಡೆ ತಿರುಗಿದ. ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ ಅವಳು ಕಣ್ಣೊರೆಸಿಕೊಂಡು ಅಂದಳು: “ನಿಮಗೆ ದುಃಖದಲ್ಲಿ ತಲೆ ನಿಲ್ತಿಲ್ಲ ಕಣ್ರೀ. ಊರನ್ನೆಲ್ಲ ಉಳಿಸಿದ ಕೈ ಅದು. ಹಾಗೆಲ್ಲ ಅನ್ನಬಾರದು. ಬನ್ನಿ, ಎರಡು ತುತ್ತು ತಿನ್ನಿ.”

ಅವನು ಮತ್ತೆ ಹೇಳಿದ. ಆಣೆ ಇಟ್ಟು ಹೇಳಿದ. ತಾಯಿ ಮಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಜ್ವರ ಬಂದ ಮಗುವಿನ ಮಾತನ್ನು ಕೇಳುವವರ ಹಾಗೆ ತಲೆಯಾಡಿಸಿದರು. ಅವನು ಜೀವಮಾನವೆಲ್ಲ ಮಾಡಿದ್ದು ಒಂದೇ ಕೆಲಸ, ಗೋಡೆಯನ್ನು ನಂಬಿ ಎಂದು ಜನರನ್ನು ಒಪ್ಪಿಸುವುದು. ಅದನ್ನು ಅವನು ಎಷ್ಟು ಚೆನ್ನಾಗಿ ಮಾಡಿದ್ದನೆಂದರೆ ಈಗ ಅವನ ಮಾತೇ ಅದರ ಮುಂದೆ ನಿಲ್ಲಲಿಲ್ಲ.

“ಇನ್ನು ಮೇಲೆ ನಾನು ಹೊರಗೆ ಕೂರಲ್ಲ ಅಪ್ಪಾ, ಆಯ್ತಾ?” ಎಂದಳು ಮಗಳು, ಅವನ ಕಣ್ಣೊರೆಸುತ್ತ. ಆಮೇಲೆ ಅಮ್ಮನ ಕಡೆ ತಿರುಗಿ, “ಅಮ್ಮಾ, ಆ ಕಡೆ ಹಿಡಿ, ಈ ಮಂಚಾನ ಗೋಡೆಗೆ ಒತ್ತಿ ಹಾಕೋಣ,” ಎಂದಳು.

ತಾಯಿ ಒಂದು ಕಡೆ, ಮಗಳು ಒಂದು ಕಡೆ ಹಿಡಿದರು. ಪಂಪಣ್ಣ ನೆಲದ ಮೇಲೆ ಕೂತೇ ಇದ್ದ. ಮಂಚ ಗೋಡೆಗೆ ತಾಗಿತು.